ಕೆಂಪು ಕೋಣೆ, ನೀಲಿ ಕೋಣೆ

ಜನವರಿ 9

ಪ್ರೀತಿಯ ಅತ್ತೆ,

ನಿಮ್ಮ ಕಾಗದ ತಲುಪಿತು. ಕಾಗದ ಅನ್ನುವುದಕ್ಕಿಂತ ಸಮನ್ಸ್ ಅನ್ನುವುದೇ ಸರಿ. “ಆರು ವರ್ಷದಿಂದ ಒಂದೇ ಆಟ ಕಟ್ಟುತ್ತಿದ್ದೀಯಂತೆ, ಅಷ್ಟರಲ್ಲಿ ಒಂದು ಅಣೆಕಟ್ಟು ಮುಗಿಯುತ್ತಿತ್ತು. ನಿಜ ಹೇಳು, ನಿನಗೆ ಕೆಲಸ ಇದೆಯೋ ಇಲ್ಲವೋ?” ಎಂದು ಕೇಳಿದ್ದೀರಿ. ಇದೆ ಅತ್ತೆ. ಜೂನ್ ತನಕವಂತೂ ಇದೆ.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ಕಳೆದ ಸಲ ನಾನು ಕಿರುಚಿದ್ದು ನಿಮ್ಮ ಅಕ್ಕಪಕ್ಕದವರಿಗೆಲ್ಲ ತಿಳಿದು ನಿಮಗೊಬ್ಬರಿಗೇ ತಿಳಿಯಲಿಲ್ಲ. ಮೂವತ್ತು ವರ್ಷ ಫುಟ್‌ಬಾಲ್ ರೆಫರಿಯಾಗಿ ಸೀಟಿ ಊದಿದವರ ಕಿವಿ ಉಳಿಯುವುದಾದರೂ ಹೇಗೆ? ಹಾಗಾಗಿ ಕಾಗದವೇ ಸರಿ.

ನಮ್ಮ ಆಟದ ಪುರಾಣ ಕೇಳಿ. ಮೊದಲ ವರ್ಷ ಅದು ಒಬ್ಬರೇ ಕೂತು ಕಂಪ್ಯೂಟರಿನಲ್ಲಿ ಆಡುವ ಆಟವಾಗಿತ್ತು. ಗಗನನೌಕೆಯಲ್ಲಿ ಒಂಟಿಯಾಗಿ ಉಳಿದುಹೋದ ರಿಪೇರಿಯವಳ ಕಥೆ, ಗುಂಡಿಲ್ಲ, ಗದ್ದಲವಿಲ್ಲ. ನನಗೆ ಅದರ ಮೇಲೆ ತುಂಬ ಪ್ರೀತಿಯಿತ್ತು. ಎರಡನೆಯ ವರ್ಷ ಮಾಲೀಕರು ಬದಲಾದರು. ಹೊಸಬರಿಗೆ ಹತ್ತಾರು ಜನ ಒಟ್ಟಿಗೆ ಸೇರಿ ಗುಂಡು ಹಾರಿಸುವ ಆಟವೇ ಬೇಕಿತ್ತು. ರಿಪೇರಿಯವಳನ್ನು ಕಿತ್ತುಹಾಕಿ ನೌಕೆಯನ್ನು ಉಳಿಸಿಕೊಂಡೆವು. ಆಮೇಲೆ ಮೊದಲ ನಿರ್ದೇಶಕರು ರಾಜೀನಾಮೆ ಕೊಟ್ಟರು, ಎರಡನೆಯವರು ಬಂದು ನೌಕೆಯನ್ನೂ ಕಿತ್ತರು. ಈಗ ಇರುವವರು ಮೂರನೆಯವರು, ಹೆಂಗಸು, ಮಾತು ಕಮ್ಮಿ. ಆಟದ ಹೆಸರು ಮೂರು ಸಲ ಬದಲಾಗಿದೆ. ಬಿಡುಗಡೆಯ ತಾರೀಖನ್ನು ಎರಡು ಸಲ ಜಗತ್ತಿಗೆಲ್ಲ ಸಾರಿ ಎರಡು ಸಲವೂ ನುಂಗಿಕೊಂಡಿದ್ದೇವೆ.

ಈಗ ಅದರ ಹೆಸರು ‘ಧೂಳಿನ ಉಂಗುರ’. ಒಂದು ಗ್ರಹದ ಸುತ್ತ ಒಡೆದುಹೋದ ಉಂಗುರ, ಅದರ ನಡುವೆ ಉಸಿರುಗಾಳಿಯ ಬಾವಿ. ಒಂದು ತುದಿಯಲ್ಲಿ ಕೆಂಪು ತಂಡದ ಎಂಟು ಜನ, ಇನ್ನೊಂದು ತುದಿಯಲ್ಲಿ ನೀಲಿ ತಂಡದ ಎಂಟು ಜನ. ಬಾವಿಯನ್ನು ಹೆಚ್ಚು ಹೊತ್ತು ಹಿಡಿದುಕೊಂಡವರು ಗೆದ್ದರು. ಎರಡು ತುದಿಗಳೂ ನೋಡಲು ಒಂದೇ ಥರ ಇಲ್ಲ, ಆದರೆ ಯಾವ ತುದಿಯಲ್ಲಿ ನಿಂತರೂ ಗೆಲ್ಲುವ ಅವಕಾಶ ಸಮ ಇರಬೇಕು. ಆ ಸಮ ಮಾಡುವುದೇ ನನ್ನ ಕೆಲಸ.

ಜೂನ್‌ನಲ್ಲಿ ಮಾಲೀಕರ ಕಡೆಯವರು ಬಂದು ಒಂದು ದಿನ ಕೂತು ನೋಡುತ್ತಾರೆ. ಒಪ್ಪಿದರೆ ಆಗಸ್ಟ್‌ನಲ್ಲಿ ಹೊರಗಿನವರ ಕೈಗೆ ಆಟ. ಒಪ್ಪದಿದ್ದರೆ ಮುಚ್ಚುತ್ತಾರೆ, ನಾವು ಅರವತ್ತು ಜನ ಬೀದಿಗೆ. ಇದನ್ನು ಅಪ್ಪನಿಗೆ ಓದಿ ಹೇಳಬೇಡಿ.

ನಿಮ್ಮ ತಮ್ಮನ ಮಗಳು,
ಜೀರುಂಡೆ

•

ಜನವರಿ 23

ಜೀರುಂಡೆಗೆ ಅತ್ತೆಯ ಆಶೀರ್ವಾದ.

ಓದಬೇಡಿ ಎಂಬ ಸಾಲು ಕಾಗದದ ಕೊನೆಯಲ್ಲಿತ್ತು. ಅಲ್ಲಿಗೆ ತಲುಪುವ ಹೊತ್ತಿಗೆ ಎಲ್ಲವನ್ನೂ ಓದಿಯಾಗಿತ್ತು. ಇನ್ನು ಮೇಲೆ ಅಂಥದ್ದನ್ನು ಮೊದಲೇ ಬರಿ. ನಿನ್ನ ಅಪ್ಪ ನನ್ನ ಎಡಗಿವಿಯ ಹತ್ತಿರ ಬಂದು, “ಕಟ್ಟೋದು ಕೀಳೋದು, ಕಟ್ಟೋದು ಕೀಳೋದು. ಇದಕ್ಕೆ ಅಷ್ಟೆಲ್ಲಾ ಓದಿಸ್ಬೇಕಿತ್ತಾ?” ಎಂದ. ನಿನ್ನ ಅಮ್ಮ ಬಲಗಿವಿಯ ಹತ್ತಿರ ಬಂದು, “ಹೊತ್ತಿಗೆ ಸರಿಯಾಗಿ ಊಟ ಮಾಡ್ತಾಳಾ ಕೇಳಿ” ಎಂದಳು. ದಾಟಿಸಿದ್ದೇನೆ. ಮಹಡಿಯ ಮೇಲಿನ ನನ್ನ ಕೋಣೆಗೆ ಇವರಿಬ್ಬರೂ ದಿನಕ್ಕೆ ಹತ್ತು ಸಲ ಹತ್ತಿ ಬರುತ್ತಾರೆ. ಮಂಡಿನೋವು ಅಂತ ಹೇಳುವುದು ಮಾತ್ರ ಡಾಕ್ಟರ ಮುಂದೆ.

ಗುಂಡು ಹಾರಿಸುವ ಆಟ ನನಗೆ ಹಿಡಿಸುವುದಿಲ್ಲ. ಆದರೆ ಎರಡು ತಂಡ, ಒಂದು ಮೈದಾನ ಅಂದಮೇಲೆ ಅದು ನನ್ನ ಸೀಮೆ. ಪಂದ್ಯಕ್ಕೆ ಮುಂಚೆ ನಾನು ಮೈದಾನದ ನಾಲ್ಕು ಮೂಲೆಗೂ ನಡೆಯುತ್ತಿದ್ದೆ, ಬಲೆಯನ್ನು ಎಳೆದು ನೋಡುತ್ತಿದ್ದೆ, ಚೆಂಡನ್ನು ಹೆಬ್ಬೆರಳಿಂದ ಒತ್ತುತ್ತಿದ್ದೆ. ನೀನು ಏನು ಒತ್ತಿ ನೋಡುತ್ತೀಯ? ಇಲ್ಲದ ಗ್ರಹದ ಇಲ್ಲದ ಬಾವಿಯ ಎರಡು ಕಡೆ ಸಮ ಇದೆ ಅಂತ ನಿನಗೆ ಹೇಗೆ ಗೊತ್ತಾಗುತ್ತದೆ? ಬಿಡಿಸಿ ಬರಿ. ನನಗೆ ಬೇಕಾದಷ್ಟು ಪುರುಸೊತ್ತಿದೆ.

ಅತ್ತೆ

•

ಫೆಬ್ರವರಿ 14

ಪ್ರೀತಿಯ ಅತ್ತೆ,

ಆಡಿ ನೋಡಿಯೇ ಗೊತ್ತಾಗುವುದು. ದಿನಾ ಸಂಜೆ ನಾಲ್ಕಕ್ಕೆ ಎಲ್ಲರೂ ಕೈಯಲ್ಲಿದ್ದ ಕೆಲಸ ಬಿಟ್ಟು ಪಂದ್ಯಕ್ಕೆ ಕೂರುತ್ತೇವೆ. ನಮ್ಮದು ಒಂದು ಉದ್ದನೆಯ ಹಾಲ್, ನಡುವೆ ಪ್ಲೈವುಡ್ಡಿನ ಅಡ್ಡಗೋಡೆ. ಆ ಕಡೆ ನೀಲಿ ಕೋಣೆ, ಈ ಕಡೆ ಕೆಂಪು ಕೋಣೆ. ನಾನು ಕೆಂಪು. ಕುರ್ಚಿಗಳು ನಾಲ್ಕು ವರ್ಷದಿಂದ ಬದಲಾಗಿಲ್ಲ. ನನ್ನ ಕುರ್ಚಿಯ ಕೈಯ ಮೇಲೆ ನನ್ನ ಮೊಣಕೈಯ ಗುರುತೇ ಬಿದ್ದಿದೆ. ಒಂದು ಕಿವಿಗೆ ಹೆಡ್‌ಫೋನು, ಇನ್ನೊಂದು ಕಿವಿ ಪಕ್ಕದವರ ಮಾತಿಗೆ.

ನೀಲಿಯವರ ನಾಯಕ ಒಬ್ಬ ಪ್ರೋಗ್ರಾಮರ್. ನಲವತ್ತಮೂರು ವಯಸ್ಸು, ನಮ್ಮಲ್ಲೆಲ್ಲ ಹಿರಿಯ, ಅದಕ್ಕೇ ಎಲ್ಲರೂ ‘ತಾತ’ ಅನ್ನುತ್ತೇವೆ. ಪಾಪ, ಸೋತೂ ಸೋತೂ ಅವನ ಬೆನ್ನೇ ಬಾಗಿದೆ. ಹೀಗೆ ಪಂದ್ಯಕ್ಕೆ ಕೂರತೊಡಗಿದ ಮೊದಲ ವರ್ಷವೆಲ್ಲ ಕೆಂಪಿನವರು ಹತ್ತಕ್ಕೆ ಎಂಟು ಪಂದ್ಯ ಗೆಲ್ಲುತ್ತಿದ್ದೆವು. ತಾತ “ಉಂಗುರದಲ್ಲೇ ಏನೋ ಐಬಿದೆ” ಅಂದಾಗಲೆಲ್ಲ ನಮ್ಮವರು “ಕುಣಿಯಲಾರದವಳು ನೆಲ ಡೊಂಕು ಅಂದಳಂತೆ” ಎಂದು ಹಾಡುತ್ತಿದ್ದರು. ನಾನೂ ಹಾಡಿದ್ದೇನೆ.

ಆದರೂ ಅಂಕಿಗಳು ಸುಳ್ಳು ಹೇಳುವುದಿಲ್ಲವಲ್ಲ. ಕೆಂಪು ತುದಿಗೆ ಏನೋ ಅನುಕೂಲ ಇದೆ ಎಂದುಕೊಂಡು ಅದನ್ನು ಸ್ವಲ್ಪ ಸ್ವಲ್ಪವೇ ಬಡವಾಗಿಸುತ್ತ ಬಂದೆ. ಅಡಗಿ ನಿಲ್ಲುವ ಗೋಡೆಗಳನ್ನು ತೆಗೆದೆ. ಬಾವಿಗೆ ಹೋಗುವ ದಾರಿಯನ್ನು ಉದ್ದ ಮಾಡಿದೆ. ಮೇಲಿನ ಕಿಟಕಿಯನ್ನು ಮುಚ್ಚಿದೆ. ಏಳಕ್ಕೆ ಇಳಿಯಿತು, ಆರಕ್ಕೆ ಇಳಿಯಿತು. ನಿರ್ದೇಶಕರು ಬದಲಾದಾಗ ಮತ್ತೆ ಮೊದಲಿಂದ ಶುರು ಮಾಡಬೇಕಾಯಿತು. ನಾಲ್ಕು ವರ್ಷದ ಮೇಲೆ, ಕಳೆದ ತಿಂಗಳು, ನೂರು ಪಂದ್ಯದಲ್ಲಿ ಕೆಂಪಿಗೆ ಐವತ್ತೊಂದು, ನೀಲಿಗೆ ನಲವತ್ತೊಂಬತ್ತು. ಆ ದಿನ ತಾತ ನನ್ನ ಮೇಜಿಗೆ ಬಂದು ಕೈಕುಲುಕಿ ಹೋದ. ‘ಸಮತೋಲನ ಪೂರ್ತಿಯಾಗಿದೆ’ ಎಂದು ವರದಿ ಬರೆದು ಸಹಿ ಹಾಕಿ ಮಾಲೀಕರಿಗೆ ಕಳಿಸಿದೆ. ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು ಅತ್ತೆ.

ಅಮ್ಮನಿಗೆ ಹೇಳಿ, ಊಟ ಮಾಡುತ್ತಿದ್ದೇನೆ.

ಜೀರುಂಡೆ

•

ಮಾರ್ಚ್ 2

ಜೀರುಂಡೆ,

ಸಂತೋಷ. ಒಂದೇ ಪ್ರಶ್ನೆ. ಅರ್ಧ ಆಟಕ್ಕೆ ನೀವು ಬದಿ ಬದಲಾಯಿಸುತ್ತೀರಾ?

ಕೇಳುವುದಕ್ಕೆ ಕಾರಣವಿದೆ. ನಾನು ರೆಫರಿಯಾದ ಹೊಸತರಲ್ಲಿ ಒಂದು ಕಾರ್ಖಾನೆಯ ಹಿಂದಿನ ಮೈದಾನದಲ್ಲಿ ಪಂದ್ಯ ನಡೆಸಬೇಕಿತ್ತು. ಕಣ್ಣಿಗೆ ತಟ್ಟೆಯಂಥ ಮೈದಾನ. ಮೊದಲರ್ಧದಲ್ಲಿ ಒಂದು ತಂಡ ನಾಲ್ಕು ಗೋಲು ಹೊಡೆಯಿತು, ಇನ್ನೊಂದರ ಗೋಲ್‌ಕೀಪರ್ ಕೂತು ಅಳುತ್ತಿದ್ದ. ಬದಿ ಬದಲಾದ ಮೇಲೆ ಅಳುತ್ತಿದ್ದವನ ತಂಡ ಐದು ಹೊಡೆಯಿತು. ಗಾಳಿ ಬೀಸುತ್ತಿದ್ದದ್ದು ಆಡುವವರಿಗೂ ತಿಳಿದಿರಲಿಲ್ಲ, ನನಗೂ ತಿಳಿದಿರಲಿಲ್ಲ. ಅದಕ್ಕೇ ಹಳಬರು ಆ ನಿಯಮ ಮಾಡಿಟ್ಟದ್ದು. ಯಾವುದು ಡೊಂಕು ಅಂತ ಗೊತ್ತಿಲ್ಲದಿದ್ದರೂ ಬದಿ ಬದಲಾಯಿಸು, ಡೊಂಕು ಇಬ್ಬರಿಗೂ ಹಂಚಿಹೋಗುತ್ತದೆ.

ಅತ್ತೆ

•

ಮಾರ್ಚ್ 19

ಅತ್ತೆ,

ಇಲ್ಲ, ಬದಲಾಯಿಸುವುದಿಲ್ಲ. ಕೆಂಪು ಕೋಣೆಯ ಕಂಪ್ಯೂಟರುಗಳು ಕೆಂಪು ತುದಿಗೆ, ನೀಲಿ ಕೋಣೆಯವು ನೀಲಿ ತುದಿಗೆ. ಮೊದಲಿಂದ ಹಾಗೇ ಜೋಡಿಸಿದ್ದಾರೆ. ಒಬ್ಬೊಬ್ಬರ ಕೈಗೂ ಒಂದೊಂದು ರೀತಿಯ ಜೋಡಣೆ ಇರುತ್ತದೆ, ಅದನ್ನು ದಿನಾ ಬದಲಾಯಿಸುವುದು ತಲೆನೋವು.

ಕಂಪ್ಯೂಟರಿನೊಳಗೆ ಗಾಳಿ ಬೀಸುವುದಿಲ್ಲ ಅತ್ತೆ. ಬಿಸಿಲು ಕಣ್ಣಿಗೆ ಹೊಡೆಯುವುದಿಲ್ಲ. ಅಲ್ಲಿ ಏನಿದೆಯೋ ಅದನ್ನು ನಾವೇ ಇಟ್ಟದ್ದು. ನಾಲ್ಕು ವರ್ಷ ಹಗಲೂ ರಾತ್ರಿಯೂ ಇದನ್ನೇ ಮಾಡಿದ್ದೇನೆ, ಸ್ವಲ್ಪ ನಂಬಿ.

ಕೆಲಸ ಜಾಸ್ತಿಯಿದೆ. ಚುಟುಕಾಗಿ ಮುಗಿಸುತ್ತಿದ್ದೇನೆ.

ಜೀರುಂಡೆ

•

ಮಾರ್ಚ್ 29

ನಂಬಿದೆ. ಆಡುವವರು ಕೂರುವುದು ಕಂಪ್ಯೂಟರಿನೊಳಗೋ, ಹೊರಗೋ?

ಅತ್ತೆ

•

ಏಪ್ರಿಲ್ 18

ಅತ್ತೆ,

ಇದನ್ನು ಮೊದಲೇ ಬರೆಯುತ್ತಿದ್ದೇನೆ: ಅಪ್ಪನಿಗೂ ಅಮ್ಮನಿಗೂ ಓದಬೇಡಿ.

ನಿಮ್ಮ ಒಂದು ಸಾಲಿನ ಕಾರ್ಡು ಮೇಜಿನ ಮೇಲೇ ಇತ್ತು. ಎಷ್ಟು ಕೋಪ ಬಂತೆಂದರೆ, ನಿಮ್ಮ ಬಾಯಿ ಮುಚ್ಚಿಸುವುದಕ್ಕೆಂದೇ ಒಂದು ವಾರ ತುದಿ ಬದಲಾಯಿಸಿ ಆಡೋಣ ಎಂದು ಎಲ್ಲರನ್ನೂ ಒಪ್ಪಿಸಿದೆ. ಯಾರೂ ಕುರ್ಚಿ ಬಿಟ್ಟು ಏಳಲಿಲ್ಲ, ನಾವು ನೀಲಿ ತುದಿಯಿಂದ, ಅವರು ಕೆಂಪು ತುದಿಯಿಂದ ಆಡಿದೆವು, ಅಷ್ಟೆ. ಇಪ್ಪತ್ತು ಪಂದ್ಯದಲ್ಲಿ ಹತ್ತೊಂಬತ್ತನ್ನು ನಾವೇ ಗೆದ್ದೆವು. ನಮ್ಮವರು ಮೇಜು ಕುಟ್ಟಿ “ಹುಲಿಗಳು ಕಣೋ ನಾವು” ಎಂದರು. ಹಾಗಾದರೆ ನಾವು ನಿಜಕ್ಕೂ ಅವರಿಗಿಂತ ಚೆನ್ನಾಗಿ ಆಡುತ್ತೇವೆ, ಕೆಂಪು ತುದಿಯನ್ನು ಸುಮ್ಮನೆ ಬಡವಾಗಿಸಿದೆ ಎಂದು ನನಗೂ ಅನ್ನಿಸಿತು.

ಮರುವಾರ ಕೋಣೆಗಳ ತುದಿಯನ್ನು ಹಿಂದಿನ ವಾರದ ಹಾಗೇ ಬಿಟ್ಟು ಕುರ್ಚಿಗಳನ್ನೇ ಬದಲಾಯಿಸಿದೆವು. ತಾತ ತನ್ನ ದಿಂಬು ಹಿಡಿದುಕೊಂಡು ನನ್ನ ಜಾಗಕ್ಕೆ ಬಂದ, ನಾನು ಅವನ ಜಾಗಕ್ಕೆ ಹೋದೆ. ಈ ಸಲ ಅವರು ಹದಿನೆಂಟು ಗೆದ್ದರು, ನಾವು ಎರಡು. ಹುಲಿಗಳ ಬಾಲ ಮುದುಡಿತು. ಆಡುವವರ ಕೈಯಲ್ಲಿ ಏನೂ ಇರಲಿಲ್ಲ ಅತ್ತೆ, ಇದ್ದದ್ದೆಲ್ಲ ಕೋಣೆಯಲ್ಲಿ.

ನೀಲಿ ಕೋಣೆಯಲ್ಲಿ ಒಂದು ಹಳೆಯ ಎಸಿ ಇದೆ, ಹಿಟ್ಟಿನ ಗಿರಣಿಯ ಹಾಗೆ ಸದ್ದು ಮಾಡುತ್ತದೆ. ಪಕ್ಕದವರಿಗೆ ಕೇಳಬೇಕಾದರೆ ಕೂಗಬೇಕು. “ಎಡಗಡೆ ಬಂದ್ರು, ಎಡಗಡೆ”, “ನಾನು ಬಾವಿ ಹಿಂದಿದೀನಿ” ಎಂದು ನಾನೂ ಕೂಗಿದೆ. ನಮ್ಮಲ್ಲಿ ಶಬ್ದದ ಕೆಲಸ ಮಾಡುವವಳೊಬ್ಬಳು ಇದ್ದಾಳೆ. ಎಲ್ಲರೂ ಊಟಕ್ಕೆ ಹೋದಾಗ ಅವಳನ್ನು ಕೆಂಪು ಕೋಣೆಯಲ್ಲಿ ಕೂರಿಸಿ, ನಾನು ನೀಲಿ ಕೋಣೆಯಲ್ಲಿ ಆ ಎಸಿಯ ಕೆಳಗೆ ನಿಂತು ಹಳೆಯ ಪತ್ರಿಕೆಯೊಂದನ್ನು ಕೂಗಿ ಓದಿದೆ. ಅವಳು ಬಂದು ನಾನು ಓದಿದ್ದನ್ನು ಹವಾಮಾನ ವರದಿಯವರೆಗೂ ಒಪ್ಪಿಸಿದಳು. ಪ್ಲೈವುಡ್ಡಿಗೆ ಯಾವ ಗುಟ್ಟೂ ನಿಲ್ಲುವುದಿಲ್ಲ. ಕೆಂಪು ಕೋಣೆ ನಿಶ್ಶಬ್ದವಾಗಿರುವುದರಿಂದ ನಮ್ಮ ಪಿಸುಮಾತು ಆ ಕಡೆಗೆ ಹೋಗುತ್ತಲೇ ಇರಲಿಲ್ಲ. ನಾಲ್ಕು ವರ್ಷ ಅವರ ಗುಟ್ಟನ್ನೆಲ್ಲ ಕೇಳಿಸಿಕೊಂಡು ಅದನ್ನು ನಮ್ಮ ಚುರುಕುತನ ಎಂದುಕೊಂಡಿದ್ದೆವು. ನಾವು ಕದ್ದು ಕೇಳುತ್ತಿದ್ದೇವೆಂದು ನಮಗೇ ಗೊತ್ತಿರಲಿಲ್ಲ, ದೇವರಾಣೆ.

ಈ ಕೋಣೆಗೆ ಸರಿದೂಗಲೆಂದು ನಾನು ಉಂಗುರವನ್ನು ಹಾಳು ಮಾಡಿದ್ದೇನೆ. ನಮ್ಮ ಈ ಗೋಡೆ ಜಗತ್ತಿನ ಇನ್ಯಾರ ಮನೆಯಲ್ಲೂ ಇಲ್ಲ. ಹೊರಗಿನವರು ಆಡಿದ ದಿನವೇ ಕೆಂಪು ತುದಿಗೆ ಬಿದ್ದವರೆಲ್ಲ ಸೋಲುತ್ತಾರೆ.

ಮಾಲೀಕರ ಕಡೆಯವರು ಬರುವುದಕ್ಕೆ ಎಂಟು ವಾರ ಉಳಿದಿದೆ. ವರದಿ ಮಾಲೀಕರ ಕೈಯಲ್ಲಿದೆ, ಕೆಳಗೆ ನನ್ನ ಸಹಿ. ನಾನು ಸುಮ್ಮನಿದ್ದರೆ ಅವರು ಬಂದಾಗ ಎಲ್ಲರೂ ಹಳೆಯ ಕುರ್ಚಿಗಳಲ್ಲಿ ಕೂರುತ್ತಾರೆ, ಅವರ ಕಣ್ಣೆದುರೇ ಐವತ್ತಕ್ಕೆ ಐವತ್ತು ಬರುತ್ತದೆ, ಅವರು ಒಪ್ಪಿ ಹೋಗುತ್ತಾರೆ. ಬಾಯಿ ಬಿಟ್ಟರೆ ಮುಚ್ಚಬಹುದು. ಎರಡು ತಿಂಗಳ ಹಿಂದೆ ಮಗು ಹೆತ್ತವಳಿದ್ದಾಳೆ ನಮ್ಮಲ್ಲಿ. ತಾತನಿಗೆ ಈ ವಯಸ್ಸಿನಲ್ಲಿ ಬೇರೆ ಕೆಲಸ ಯಾರು ಕೊಡುತ್ತಾರೆ? ಶಬ್ದದವಳು ಯಾರಿಗೂ ಹೇಳುವುದಿಲ್ಲ ಎಂದಿದ್ದಾಳೆ.

ನೀವು ಏನು ಬರೆಯುತ್ತೀರೆಂದು ನನಗೆ ಗೊತ್ತು. ನಿಮಗೆ ಅದು ಸುಲಭ. ಹದಿನೈದನೆಯ ವಯಸ್ಸಿನಲ್ಲಿ ಶಾಲೆಯ ಫೈನಲ್ಲಿನಲ್ಲಿ ಚೆಂಡು ನನ್ನ ಕೈಗೆ ತಾಗಿದ್ದನ್ನು ಇಡೀ ಮೈದಾನದಲ್ಲಿ ನೀವೊಬ್ಬರೇ ನೋಡಿದಿರಿ, ನೋಡಿದ ಕೂಡಲೇ ಊದಿದಿರಿ. ಪೆನಾಲ್ಟಿ ಕೊಟ್ಟಿರಿ. ನಾವು ಸೋತೆವು. ಊದುವ ಮುಂಚೆ ನೀವು ಒಂದು ಕ್ಷಣವಾದರೂ ಯೋಚಿಸಿದಿರಾ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಜೀರುಂಡೆ

•

ಏಪ್ರಿಲ್ 27

ಮಗಳೇ,

ಯಾರಿಗೂ ಓದಿಲ್ಲ. ನಿನ್ನ ಅಪ್ಪ ಮೂರು ಸಲ ಮಹಡಿ ಹತ್ತಿ ಬಂದು ಬರಿಗೈಯಲ್ಲಿ ಇಳಿದು ಹೋದ.

ಯೋಚಿಸಲಿಲ್ಲ. ಯೋಚಿಸಿದ್ದರೆ ಊದುತ್ತಿರಲಿಲ್ಲ. ಊದಿದ ಮೇಲೆ ಯೋಚಿಸುವುದಕ್ಕೆ ಇಪ್ಪತ್ತು ವರ್ಷ ಸಿಕ್ಕಿದೆ. ಆ ದಿನ ಮನೆಗೆ ಬಂದು ನನಗೂ ಅನ್ನ ಇಳಿಯಲಿಲ್ಲ. ನಿನ್ನ ಅಮ್ಮ ತಟ್ಟೆ ಇಟ್ಟು ಇಟ್ಟು ಸಾಕಾಗಿ ಎತ್ತಿಕೊಂಡು ಹೋದಳು. ನೀನು ಒಂದು ವರ್ಷ ನನ್ನ ಹತ್ತಿರ ಮಾತಾಡಲಿಲ್ಲ, ಬೂಟನ್ನು ಯಾರಿಗೋ ಕೊಟ್ಟುಬಿಟ್ಟೆ. ಸುಲಭವಾಗಿತ್ತು ಅಂತ ಯಾರು ಹೇಳಿದರು ನಿನಗೆ?

ನಾನು ಇಷ್ಟು ವರ್ಷ ಹೇಳದೆ ಇಟ್ಟುಕೊಂಡದ್ದು ಬೇರೆಯೇ ಇದೆ. ಚೆಂಡು ತಾಗಿದ ಕೂಡಲೇ ನೀನು ನನ್ನ ಮುಖ ನೋಡಿದೆ. ಇವಳು ನೋಡಿದಳೋ ಇಲ್ಲವೋ ಎಂದು ನೋಡಿದೆ. ಆಗ ನೀನೇ ಕೈ ಎತ್ತಿದ್ದರೆ ನಾನು ಊದುವುದೇ ಬೇಡವಾಗಿತ್ತು. ಹದಿನೈದು ವರ್ಷದ ಹುಡುಗಿಯಿಂದ ಅಷ್ಟೆಲ್ಲ ಬಯಸಿದ್ದು ನನ್ನ ತಪ್ಪು. ಅದಕ್ಕೆ ನಿನ್ನ ಮೇಲೆ ಕೋಪವಿತ್ತು ಅನ್ನುವುದೂ ನಿಜ. ಈಗಿಲ್ಲ.

ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುವುದು ನನಗೆ ಬರುವುದಿಲ್ಲ, ನಿನಗೆ ಗೊತ್ತು. ಹೇಳು. ಮಾಲೀಕರಿಗೆ ಹೇಳುವ ಮುಂಚೆ ನಿಮ್ಮ ನಿರ್ದೇಶಕಿಗೆ ಹೇಳು. ಅವಳಿಗೂ ಮುಂಚೆ ಆ ತಾತನಿಗೆ ಹೇಳು. ನಾಲ್ಕು ವರ್ಷ ನೆಲ ಡೊಂಕು ಎಂದು ಅವನು ಹೇಳಿದ, ನೀವೆಲ್ಲ ನಕ್ಕಿರಿ. ಅವನಾದ ಮೇಲೆ ಉಳಿದವರು.

ಮುಚ್ಚಿದರೆ ಮನೆಗೆ ಬಾ. ಮಹಡಿಯ ಕೋಣೆಯಲ್ಲಿ ಇಬ್ಬರಿಗೆ ಜಾಗವಿದೆ.

ನಿನ್ನ ಅತ್ತೆ

•

ಮೇ 9

ಅತ್ತೆ,

ಹೇಳಿದೆ.

ತಾತ ಸಿಂಕಿನ ಹತ್ತಿರ ನಿಂತು ತನ್ನ ಲೋಟ ತೊಳೆಯುತ್ತಿದ್ದ. ಅಲ್ಲಿಗೇ ಹೋಗಿ ಹೇಳಿದೆ: ಕೋಣೆ, ಎಸಿ, ಪ್ಲೈವುಡ್ಡು, ಹವಾಮಾನ ವರದಿ ಎಲ್ಲ. ಅವನು ಬೈಯುತ್ತಾನೆ ಎಂದುಕೊಂಡಿದ್ದೆ. ನಲ್ಲಿ ನಿಲ್ಲಿಸಿದ.

“ಹಂಗಾದ್ರೆ ನನ್ನ ಕೈ ನಿಧಾನ ಆಗಿರ್ಲಿಲ್ಲ?” ಎಂದು ಕೇಳಿದ.

“ಇಲ್ಲ.”

“ಖಂಡಿತಾ?”

“ಖಂಡಿತ. ನನ್ನ ಕುರ್ಚಿಲಿ ಕೂತು ನೀವು ನನ್ನನ್ನೇ ಹನ್ನೊಂದು ಸಲ ಹೊಡೆದ್ರಿ.”

ಅವನು ನಕ್ಕ. ಆಮೇಲೆ ಲೋಟ ಕೆಳಗಿಟ್ಟು ಮುಖ ತೊಳೆದುಕೊಂಡ, ಎರಡೆರಡು ಸಲ. ಹೋದ ವರ್ಷ ಅವನು ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದನಂತೆ, ನರದ ಡಾಕ್ಟರ ಹತ್ತಿರವೂ ಹೋಗಿದ್ದನಂತೆ. ವಯಸ್ಸಾಯಿತು, ಈ ಕೆಲಸಕ್ಕೆ ತಾನು ಇನ್ನು ಲಾಯಕ್ಕಿಲ್ಲ ಎಂದು ರಾಜೀನಾಮೆ ಬರೆದು ಚೀಲದಲ್ಲಿ ಇಟ್ಟುಕೊಂಡು ತಿರುಗುತ್ತಿದ್ದನಂತೆ. ಹೆಂಡತಿಗೂ ಹೇಳಿರಲಿಲ್ಲ. ನಾವು ತಮಾಷೆ ಮಾಡಿಕೊಂಡಿದ್ದೆವು ಅತ್ತೆ, ಅವನು ಅದನ್ನು ಮನೆಗೆ ಹೊತ್ತುಕೊಂಡು ಹೋಗುತ್ತಿದ್ದ. ಕ್ಷಮಿಸಿ ಎಂದೆ. “ಬಿಡಮ್ಮಾ, ನಂಗೀಗ ಎಷ್ಟು ಹಗುರ ಆಗಿದೆ ಅಂದ್ರೆ ಕ್ಷಮಿಸೋಕೂ ನೆನಪಾಗ್ತಿಲ್ಲ” ಎಂದ.

ನಿರ್ದೇಶಕಿಯ ಕೋಣೆಗೆ ಇಬ್ಬರೂ ಒಟ್ಟಿಗೆ ಹೋದೆವು. ಅವರು ಕನ್ನಡಕ ತೆಗೆದು ಪೂರ್ತಿ ಕೇಳಿದರು.

“ಗೊತ್ತಾಗಿದ್ದು ಯಾವತ್ತು?”

“ಇಪ್ಪತ್ತು ದಿನ ಆಯ್ತು.”

“ಇಪ್ಪತ್ತು ದಿನ ಹೊಟ್ಟೆಲಿಟ್ಕೊಂಡು ಓಡಾಡಿದ್ರಾ?”

ಅವರು ಎದ್ದು ಸೀದಾ ನೀಲಿ ಕೋಣೆಗೆ ಹೋಗಿ, ಕುರ್ಚಿ ಹತ್ತಿ ಎಸಿಯ ಸ್ವಿಚ್ಚನ್ನು ಆರಿಸಿದರು. ಇಡೀ ಕಚೇರಿ ತಲೆ ಎತ್ತಿ ನೋಡಿತು. ಅಷ್ಟು ನಿಶ್ಶಬ್ದವನ್ನು ನಾನು ಅಲ್ಲಿ ಯಾವತ್ತೂ ಕೇಳಿರಲಿಲ್ಲ. “ಮಾಲೀಕರಿಗೆ ನಾನು ಬರೀತೀನಿ. ಅವರು ಬಂದ ದಿನ ನೀವೇ ನಿಂತ್ಕೊಂಡು ವಿವರಿಸ್ಬೇಕು” ಎಂದರು. ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಇನ್ನು ಐದು ವಾರ. ಮಾಲೀಕರಿಂದ ಉತ್ತರವಿಲ್ಲ. ಹೆದರಿಕೆ ಆಗುತ್ತಿದೆ, ಆದರೆ ಅನ್ನ ಇಳಿಯುತ್ತಿದೆ.

ಜೀರುಂಡೆ

•

ಜೂನ್ 13

ಜೀರುಂಡೆ,

ಒಂದು ತಿಂಗಳಾಯಿತು, ಒಂದು ಸಾಲಿಲ್ಲ. ನಿನ್ನ ಅಪ್ಪ ಈಗ ಟಪಾಲಿನವನನ್ನು ಗೇಟಿನ ಹೊರಗೇ ಹಿಡಿಯುತ್ತಾನೆ. ಮೊನ್ನೆ ಆ ಮನುಷ್ಯ ಸೈಕಲ್ಲನ್ನು ನಮ್ಮ ಮನೆಯ ಹಿಂದಿನ ರಸ್ತೆಯಿಂದ ತಿರುಗಿಸಿಕೊಂಡು ಹೋದ. ಅವರಿಬ್ಬರಿಗೂ ನಾನು ಎಲ್ಲವನ್ನೂ ಹೇಳಿಬಿಟ್ಟೆ. ಬೈಯಬೇಡ, ಮನೆಯಲ್ಲಿ ಯಾರೂ ಯಾರ ಮುಖವನ್ನೂ ನೋಡದಂತಾಗಿತ್ತು. ನಿನ್ನ ಅಪ್ಪ, “ಹೇಳಿದ್ಲಲ್ಲ, ಅಷ್ಟು ಸಾಕು” ಎಂದ. ಆಮೇಲೆ ಹೋಗಿ ಮಹಡಿಯ ಕೋಣೆಗೆ ಇನ್ನೊಂದು ಮಂಚ ಹಾಕಿಸಿದ. ಬೇಕಾಗದಿರಲಿ ಎಂದು ನಿನ್ನ ಅಮ್ಮ ಅದರ ಮೇಲೆ ಹಾಸಿಗೆ ಹಾಸಿಲ್ಲ.

ಹೌದೋ ಇಲ್ಲವೋ, ಎರಡರಲ್ಲಿ ಒಂದು ಮಾತು ಬರಿ.

ಅತ್ತೆ

•

ಜೂನ್ 19

ಅತ್ತೆ, ಅಪ್ಪ, ಅಮ್ಮ,

ಮೊದಲೇ ಹೇಳಿಬಿಡುತ್ತೇನೆ: ಮುಚ್ಚಲಿಲ್ಲ. ಹಾಸಿಗೆ ಹಾಸುವುದು ಬೇಡ.

ಈಗ ಕೂತುಕೊಂಡು ಓದಿ. ಮಾಲೀಕರ ಕಡೆಯಿಂದ ಮೂವರು ಬಂದರು, ಇಬ್ಬರು ಗಂಡಸರು, ಒಬ್ಬ ಹೆಂಗಸು. ನಾನು ಎದ್ದು ನಿಂತೆ. ಮಾತಿನಿಂದ ಶುರು ಮಾಡಲಿಲ್ಲ. ಅವರ ಪೈಕಿ ಇಬ್ಬರನ್ನು ಕೆಂಪು ಕೋಣೆಯಲ್ಲಿ, ಒಬ್ಬರನ್ನು ನೀಲಿ ಕೋಣೆಯಲ್ಲಿ ಕೂರಿಸಿ, ಎಸಿ ಹಾಕಿ, ಹಳೆಯ ಕುರ್ಚಿಗಳಲ್ಲೇ ಎಲ್ಲರನ್ನೂ ಆಡಿಸಿದೆ. ಐವತ್ತಕ್ಕೆ ಐವತ್ತರ ಹತ್ತಿರ ಬಂತು. ಅವರು ತಲೆಯಾಡಿಸಿದರು. ಆಗ ಎಸಿ ಆರಿಸಿ, ಕೋಣೆ ಬದಲಾಯಿಸಿ, ತುದಿ ಬದಲಾಯಿಸಿ ಇನ್ನೂ ಮೂರು ಸಲ ಆಡಿಸಿದೆ. ಅಂಕಿಗಳನ್ನು ಹಲಗೆಯ ಮೇಲೆ ಬರೆದು, “ಈ ಆಟ ಸಮ ಇಲ್ಲ. ಸಮ ಇದೆ ಅಂತ ಸಹಿ ಹಾಕಿದ್ದು ನಾನು” ಎಂದೆ.

ಗಂಡಸರಿಬ್ಬರೂ ಮುಖ ಮುಖ ನೋಡಿಕೊಂಡರು. ಒಬ್ಬರು, “ಇಷ್ಟು ವರ್ಷದಲ್ಲಿ ಒಂದ್ಸಲನೂ ಎದ್ದು ಆ ಕಡೆ ಕೂರ್ಬೇಕು ಅನ್ನಿಸ್ಲಿಲ್ವಾ ನಿಮಗೆ?” ಎಂದು ಕೇಳಿದರು. ಅನ್ನಿಸಲಿಲ್ಲ. ಅದನ್ನೇ ಹೇಳಿದೆ. ಗೆಲ್ಲುತ್ತಿರುವವರಿಗೆ ಕುರ್ಚಿ ಬಿಟ್ಟು ಏಳಬೇಕು ಅನ್ನಿಸುವುದಿಲ್ಲ ಎಂದೂ ಹೇಳಿದೆ.

ಆಗ ಆ ಹೆಂಗಸು ನಡುವೆ ಬಾಯಿ ಹಾಕಿದರು. “ಹಿಂದಿನ ಮೂರು ಆಟಕ್ಕೂ ಹೀಗೇ ಕೂತು ನೋಡಿದ್ದೆ. ಮೂರರಲ್ಲೂ ಎಲ್ಲಾ ಸರಿಯಾಗಿದೆ ಅಂತಾನೇ ತೋರ್ಸಿದ್ರು. ಏನು ಸರಿ ಇಲ್ಲ ಅಂತ ಹೊರಗಿನ ಜನ ನಮಗೆ ಹೇಳಿದ್ರು. ಇವರಾದ್ರೂ ಮುಂಚೆನೇ ಹೇಳ್ತಿದ್ದಾರೆ” ಎಂದರು. ಆಮೇಲೆ ನನ್ನ ಕಡೆ ತಿರುಗಿ, “ಸರಿ ಮಾಡೋಕೆ ಎಷ್ಟು ದಿನ ಬೇಕು? ಸಂಕೋಚ ಬೇಡ, ನಿಜವಾದ ಲೆಕ್ಕ ಹೇಳಿ” ಎಂದರು. ಎಂಟು ತಿಂಗಳು ಎಂದೆ.

ಒಂದು ಗಂಟೆ ನಮ್ಮನ್ನೆಲ್ಲ ಹೊರಗೆ ನಿಲ್ಲಿಸಿ ಒಳಗೆ ಮಾತಾಡಿಕೊಂಡರು. ಕಾರಿಡಾರಿನಲ್ಲಿ ಅರವತ್ತು ಜನ. ಮಗು ಹೆತ್ತವಳು ನನ್ನ ಪಕ್ಕದಲ್ಲೇ ಗೋಡೆಗೆ ಒರಗಿ ನಿಂತಿದ್ದಳು. ಅವಳ ಮುಖ ನೋಡುವ ಧೈರ್ಯ ನನಗಿರಲಿಲ್ಲ. ಬಾಗಿಲು ತೆಗೆದು ನಿರ್ದೇಶಕಿ ಹೊರಗೆ ಬಂದು, “ಎಂಟು ತಿಂಗಳು ಕೊಟ್ಟಿದ್ದಾರೆ. ಹೋಗಿ ಊಟ ಮಾಡಿ” ಎಂದರು. ಹೋದ ಜೀವ ಬಂದ ಹಾಗಾಯಿತು. ಮಗು ಹೆತ್ತವಳು ನನ್ನ ಭುಜಕ್ಕೆ ತಲೆ ಇಟ್ಟು ಅತ್ತಳು, ನನಗೂ ಅಳು ಬಂತು. ನಾಚಿಕೆ ಅನ್ನಿಸಲಿಲ್ಲ. ಆರು ವರ್ಷದಲ್ಲಿ ಮೂರನೆಯ ಸಲ ಬಿಡುಗಡೆ ಮುಂದಕ್ಕೆ ಹೋಯಿತು; ಈ ಸಲ ಮಾತ್ರ ಎಲ್ಲರೂ ನಗುತ್ತಿದ್ದರು.

ಮರುದಿನವೇ ಬಡಗಿ ಬಂದು ಅಡ್ಡಗೋಡೆ ಬಿಚ್ಚಿದ. ಯಾರ ಕುರ್ಚಿಗೂ ಹೆಸರಿಲ್ಲ ಈಗ. ದಿನಾ ಚೀಟಿ ಎತ್ತಿ ಕೂರುತ್ತೇವೆ. ವಾರಕ್ಕೊಮ್ಮೆ ಹೊರಗಿನ ಹದಿನಾರು ಜನರನ್ನು ಕರೆಸಿ ಆಡಿಸುತ್ತೇವೆ. ಅರ್ಧ ಆಟಕ್ಕೆ ಬದಿ ಬದಲಾಯಿಸುವುದನ್ನು ಆಟದ ನಿಯಮಕ್ಕೇ ಸೇರಿಸಿದ್ದೇವೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರಲ್ಲ, ನನ್ನ ಕಾಲ ಇನ್ನೂ ಬಂದಿಲ್ಲ. ಇದು ನಿಮ್ಮದೇ.

ನಿಮ್ಮೆಲ್ಲರ
ಜೀರುಂಡೆ

•

ಫೆಬ್ರವರಿ 21

ಪ್ರೀತಿಯ ಅತ್ತೆ,

ಮೊನ್ನೆ ಬೆಳಿಗ್ಗೆ ಹತ್ತು ಗಂಟೆಗೆ ಬಾಗಿಲು ತೆರೆದೆವು. ಹೊರಗಿನವರ ಕೈಗೆ ಆಟ ಹೋಯಿತು. ಪೂರ್ತಿ ಬಿಡುಗಡೆಯಲ್ಲ, ಮೂರು ದಿನದ ಪರೀಕ್ಷೆ. ನಿಜವಾದ ಬಿಡುಗಡೆ ಇನ್ನೂ ಮುಂದಿದೆ, ಅದರ ತಾರೀಖನ್ನು ಈ ಸಲ ಯಾರೂ ಜಗತ್ತಿಗೆ ಸಾರಿಲ್ಲ. ಮೊದಲ ಗಂಟೆ ಎಲ್ಲರೂ ಹಲಗೆಯ ಮೇಲೆ ಅಂಕಿ ಏರುವುದನ್ನೇ ನೋಡುತ್ತಿದ್ದೆವು. ಮಧ್ಯಾಹ್ನ ನಿರ್ದೇಶಕಿ ನನ್ನನ್ನು ಕರೆದು ಕಾಗದ ತೋರಿಸಿದರು. ಹತ್ತು ಸಾವಿರ ಪಂದ್ಯ, ಒಂದೊಂದರಲ್ಲೂ ಎರಡು ಅರ್ಧ. ಕೆಂಪು ತುದಿಯಿಂದ ಆಡಿದವರು ಗೆದ್ದ ಅರ್ಧಗಳು ಹತ್ತು ಸಾವಿರದ ಇಪ್ಪತ್ತಾರು, ನೀಲಿ ತುದಿಯವರು ಗೆದ್ದದ್ದು ಒಂಬತ್ತು ಸಾವಿರದ ಒಂಬೈನೂರ ಎಪ್ಪತ್ತನಾಲ್ಕು. ಅವರು ಕಾಗದವನ್ನು ನನ್ನ ಕೈಯಲ್ಲೇ ಬಿಟ್ಟು ಹೋದರು. ಇದರ ಜೊತೆ ಅದನ್ನು ಕಳಿಸುತ್ತಿದ್ದೇನೆ, ಅಪ್ಪನಿಗೆ ಕೊಡಿ.

ಸಂಜೆ ನನಗೂ ಆಡಬೇಕೆನ್ನಿಸಿತು. ಹೆಸರು ಹೇಳದೆ ಒಳಗೆ ಹೋದೆ. ಏಳು ಜನ ಅಪರಿಚಿತರು ನನ್ನ ಜೊತೆಗೆ, ಎಂಟು ಜನ ಅಪರಿಚಿತರು ಎದುರಿಗೆ. ಯಾವ ಊರಿನವರೋ, ಎಷ್ಟು ವಯಸ್ಸಿನವರೋ. ಎರಡನೆಯ ಅರ್ಧದ ಹೊತ್ತಿಗೆ ಇಬ್ಬರದೂ ಸಮ. ಬಾವಿಯ ಹತ್ತಿರ ನಾನೊಬ್ಬಳೇ ಉಳಿದಿದ್ದೆ, ಇನ್ನು ಒಂಬತ್ತು ಸೆಕೆಂಡು ಹಿಡಿದಿದ್ದರೆ ಗೆಲ್ಲುತ್ತಿದ್ದೆವು. ಆ ಕಡೆಯವನೊಬ್ಬ ಬಲಗಡೆಯ ಸಂದಿಯಿಂದ ಬಂದು ನನ್ನನ್ನು ಹೊಡೆದ. ಆ ಸಂದಿ ಡಿಸೆಂಬರಿನ ತನಕ ಅಲ್ಲಿರಲಿಲ್ಲ. ಅದಿಲ್ಲದಿದ್ದರೆ ಆ ಕಡೆಯವರಿಗೆ ಅನ್ಯಾಯ ಎಂದು ನಾನೇ ಗೋಡೆ ಒಡೆದು ಮಾಡಿದ್ದು. ಬರಬಹುದು ಎಂದು ನನಗೆ ಗೊತ್ತಿತ್ತು, ತಿರುಗಿ ನೋಡಬೇಕಿತ್ತು, ನೋಡಲಿಲ್ಲ.

ಹೆಡ್‌ಫೋನು ತೆಗೆದಿಟ್ಟೆ. ಯಾವ ಗೋಡೆಯೂ ಕಾರಣವಾಗಿರಲಿಲ್ಲ ಅತ್ತೆ, ಯಾವ ಕೋಣೆಯೂ ಅಲ್ಲ. ಅವನು ಚೆನ್ನಾಗಿ ಆಡಿದ, ನಾನು ಸೋತೆ. ಎದೆಯ ಮೇಲಿನ ಭಾರವೆಲ್ಲ ಇಳಿದುಹೋಗಿ ನಗು ಬಂತು. ಪಕ್ಕದಲ್ಲಿದ್ದವರು “ಗೆದ್ರಾ?” ಎಂದು ಕೇಳಿದರು.

“ಇಲ್ಲ, ಸೋತೆ” ಎಂದು ಕೈ ಎತ್ತಿದೆ.

ನಿಮ್ಮ
ಜೀರುಂಡೆ